ಮೇಲ್ಬೈಲಿನ ಗಂಧಸಾಲೆ

ಅಂಬುಜಾ ಮನುಷ್ಯರನ್ನು ಅವರವರ ಅಕ್ಕಿಯಿಂದ ಗುರುತು ಹಿಡಿಯುತ್ತಿದ್ದಳು. ಸಂಸೆಯ ಪುರೋಹಿತ ವೆಂಕಟರಾಮ ಭಟ್ಟರ ಕೈ ಹಿಡಿದು ಬಂದ ಇಪ್ಪತ್ತು ವರ್ಷದಲ್ಲಿ ಅವಳ ಮನೆಗೆ ಅಂಗಡಿಯ ಅಕ್ಕಿ ಬಂದದ್ದು ಬೆರಳೆಣಿಕೆಯಷ್ಟು ಸಲ. ಪೂಜೆಗೋ ನಾಮಕರಣಕ್ಕೋ ಹೋದ ಭಟ್ಟರು ಮಧ್ಯಾಹ್ನ ದಾಟಿದ ಮೇಲೆ ಕೈಚೀಲ ತಂದು ಅಡುಗೆಮನೆಯ ಬಾಗಿಲಲ್ಲಿಡುತ್ತಿದ್ದರು. ಚೀಲದೊಳಗೆ ಪಡಿ ಇರುತ್ತಿತ್ತು. ಒಂದು ಸೇರು ಅಕ್ಕಿ, ಎರಡು ತೆಂಗಿನಕಾಯಿ, ಹಿಡಿಯಷ್ಟು ಬೇಳೆ, ಒಂದು ಅಚ್ಚು ಬೆಲ್ಲ, ನಾಲ್ಕು ಬಾಳೆಕಾಯಿ, ಎಲ್ಲದರ ಮೇಲೆ ಮಡಿಸಿಟ್ಟ ಒಂದು ರವಿಕೆ ಕಣ. ಅವಳು ಅಕ್ಕಿಯನ್ನು ಮೊರಕ್ಕೆ ಸುರಿದು, ಬೆರಳಲ್ಲಿ ಒಮ್ಮೆ ಹರಡಿ, "ಓಹೋ, ಇವರು ತಾವು ಸೋನಾಮಸೂರಿ ಉಂಡು ನಮಗೆ ರೇಷನ್ ಅಕ್ಕಿ ಕೊಟ್ಟಿದ್ದಾರೆ," ಎನ್ನುವಳು. ಭಟ್ಟರು, "ಕೊಟ್ಟರಲ್ಲ, ಅದೇ ದೊಡ್ಡದು," ಎಂದು ಕಾಲು ತೊಳೆಯಲು ಹೋಗುವರು.

ಹತ್ತು ಮನೆಯ ಅಕ್ಕಿಯನ್ನು ಒಂದೇ ತಪ್ಪಲೆಗೆ ಹಾಕಿದರೆ ಒಂದು ಮುದ್ದೆಯಾಗುವಾಗ ಇನ್ನೊಂದು ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಹಾಗಾಗಿ ಅವಳ ಅಟ್ಟಣಿಗೆಯ ಮೇಲೆ ಹನ್ನೊಂದು ಡಬ್ಬಗಳಿದ್ದವು. ಬೇಗ ಬೇಯುವುದು, ತಡವಾಗಿ ಬೇಯುವುದು, ದೋಸೆಗೆ ಮಾತ್ರ ಆಗುವುದು, ಕಲ್ಲಿರುವುದು. ಎಲ್ಲಕ್ಕಿಂತ ಚಿಕ್ಕದು ದೇವರ ನೈವೇದ್ಯದ ಡಬ್ಬ, ಅದಕ್ಕೆ ಒಳ್ಳೆಯ ಮನೆಯ ಒಳ್ಳೆಯ ಅಕ್ಕಿ ಮಾತ್ರ. ಹೆಚ್ಚಾದ ತೆಂಗಿನಕಾಯಿಯನ್ನು ಅಂಗಡಿಗೆ ಕೊಟ್ಟು ಎಣ್ಣೆ, ತೊಗರಿಬೇಳೆ ತರುವಳು. ಬಾಳೆಕಾಯಿಯದು ಪಲ್ಯ, ಅದರ ಸಿಪ್ಪೆಯದು ಚಟ್ನಿ. ಸುತ್ತ ಎಲ್ಲಿ ನೋಡಿದರೂ ಕಾಫಿ ಗಿಡವೇ ಇದ್ದ ಆ ಊರಲ್ಲಿ ಕಾಫಿಪುಡಿಗೆ ಚಮಚದ ಲೆಕ್ಕ. ಮೊದಲ ಡಿಕಾಕ್ಷನ್ ಬಂದವರಿಗೆ, ಅದೇ ಚರಟಕ್ಕೆ ಮತ್ತೆ ಬಿಸಿನೀರು ಹೊಯ್ದದ್ದು ಮನೆಯವರಿಗೆ. ರವಿಕೆ ಕಣಗಳಂತೂ ಬಂದವರಿಗೆ ತಾಂಬೂಲದಲ್ಲಿ ಹೋಗುತ್ತಿದ್ದವು. ಮೂರು ವರ್ಷದ ಹಿಂದೆ ಅವಳೇ ಮೇಷ್ಟ್ರ ಹೆಂಡತಿಗೆ ಕೊಟ್ಟಿದ್ದ ಹಸಿರು ಕಣ, ಮೂಲೆಯ ಅರಿಶಿನದ ಕಲೆ ಸಮೇತ, ಹೋದ ದೀಪಾವಳಿಗೆ ಮರಳಿ ಅವಳ ಮಡಿಲಿಗೇ ಬಂದಿತ್ತು. ಅವಳಿಗೆ ನಗು ಬಂತು. ತವರಿಗೆ ಬಂದ ಮಗಳನ್ನು ನೋಡುವ ಹಾಗೆ ಅದನ್ನು ನೋಡಿ ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

ಹೋದ ಎರಡು ವರ್ಷದಿಂದ ಕೈಚೀಲ ಹಗುರವಾಗುತ್ತಾ ಬಂತು. ಜನರಿಗೆ ದೇವರು ಬೇಡವಾದದ್ದಲ್ಲ, ಮನೆಯಲ್ಲಿ ಮಾಡುವುದು ಬೇಡವಾಗಿತ್ತು. ಚೌಲ್ಟ್ರಿ ಹಿಡಿದರೆ ಕುರ್ಚಿ, ಶಾಮಿಯಾನ, ಅಡುಗೆಯವರ ಜೊತೆ ಪುರೋಹಿತರನ್ನೂ ಅವರೇ ಸೇರಿಸಿ ಕೊಡುತ್ತಿದ್ದರು. ಮಗಳು ಅರ್ಪಿತಾ ಕಳಸದಲ್ಲಿ ಪಿಯುಸಿ ಓದುತ್ತಿದ್ದಳು. ಅವಳ ಬುತ್ತಿಗೆ ಅನ್ನ ಇದ್ದೇ ಇರುತ್ತಿತ್ತು. ಆದರೆ ಹನ್ನೊಂದು ಡಬ್ಬಗಳಲ್ಲಿ ಆರು ಖಾಲಿಯಾಗಿ, ತಟ್ಟಿದರೆ ತಮಟೆಯ ಹಾಗೆ ಸದ್ದು ಮಾಡುತ್ತಿದ್ದವು.

ಹೀಗಿರುವಾಗ ಡಿಸೆಂಬರಿನಲ್ಲಿ ಮೇಲ್ಬೈಲಿನ ದೊಡ್ಡ ಗೌಡರು ತೀರಿಕೊಂಡರು.

ಸತ್ತವರ ಹನ್ನೊಂದನೆಯ ದಿನದ ದಾನವನ್ನು ಊರಿನ ಪುರೋಹಿತರು ಹಿಡಿಯುವುದಿಲ್ಲ. ಅದಕ್ಕೆಂದೇ ಘಟ್ಟದ ಕೆಳಗಿನಿಂದ ಒಬ್ಬರು ಬಸ್ಸಿನಲ್ಲಿ ಬರುತ್ತಿದ್ದರು. ಬಂದು, ಹೊಳೆಯ ಬದಿಯಲ್ಲಿ ದಾನ ಹಿಡಿದು, ಹಿಂತಿರುಗಿ ನೋಡದೆ ಹೋಗಿಬಿಡುತ್ತಿದ್ದರು. ಅವರ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಆ ದಾನ ಒಮ್ಮೆ ಹಿಡಿದ ಕೈಯನ್ನು ಮದುವೆ ಮಂಟಪಕ್ಕೆ ಕರೆಯುವುದಿಲ್ಲ. ಆ ದಾನದಲ್ಲಿ ಬಂದ ಅಕ್ಕಿಯನ್ನು ದೇವರಿಗಿಡುವಂತಿಲ್ಲ, ಬೇರೆ ಮನೆಯವರಿಗೆ ಬಡಿಸುವಂತಿಲ್ಲ. ಈ ಸಲ ಆ ಮನುಷ್ಯ ಕಾಲು ಮುರಿದುಕೊಂಡು ಮಲಗಿದ್ದರು. ಮೇಲ್ಬೈಲಿನವರು ಭಟ್ಟರನ್ನು ಕೇಳಿದರು.

ಭಟ್ಟರು ಮನೆಗೆ ಬಂದು ಜಗಲಿಯಲ್ಲೇ ನಿಂತರು.

"ಎಂತ ಹೇಳಿದಿರಿ?" ಎಂದಳು ಅಂಬುಜಾ.

"ನಾಳೆ ಹೇಳ್ತೇನೆ ಅಂದೆ."

ಅವಳು ಒಳಗೆ ಹೋಗಿ ಹನ್ನೊಂದು ಡಬ್ಬಗಳ ಮುಚ್ಚಳವನ್ನೂ ತೆಗೆದು ನೋಡಿದಳು. ನೋಡಬೇಕಾಗಿಯೇ ಇರಲಿಲ್ಲ, ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಹೊರಗೆ ಬಂದು, "ಹೊಳೆಬದಿಯಲ್ಲಿ ಯಾರು ನೋಡ್ತಾರೆ, ಹೋಗಿ ಬನ್ನಿ," ಎಂದಳು. ಆ ಮಾತು ಆಡಿದವಳು ತಾನು ಎಂಬುದನ್ನು ಅವಳು ಆಮೇಲೆ ಒಂದು ದಿನವೂ ಮರೆಯಲಿಲ್ಲ.

ದಾನದಲ್ಲಿ ಬಂದ ಮಂಚ, ಹಾಸಿಗೆ, ಕೊಡೆ, ಪಾತ್ರೆಗಳನ್ನೆಲ್ಲ ಭಟ್ಟರು ಕಳಸದ ಅಂಗಡಿಯಲ್ಲೇ ಕೇಳಿದಷ್ಟಕ್ಕೆ ಮಾರಿ ಬಂದರು. ಐವತ್ತು ಕೆಜಿಯ ಅಕ್ಕಿ ಮೂಟೆಯನ್ನೂ ಕೊಡುವವರೇ ಇದ್ದರು. ಅಂಬುಜಾ ಫೋನಿನಲ್ಲಿ ತಡೆದಳು. "ಐವತ್ತು ಕೆಜಿ ಅಂದ್ರೆ ಆರು ತಿಂಗಳು, ಗೊತ್ತುಂಟಾ? ಮನೆಯವರು ನಾವು ಉಂಡರೆ ದೋಷ ಇಲ್ಲವಲ್ಲ." ದೋಷ ಇಲ್ಲವೆಂದು ಭಟ್ಟರೂ ಹೇಳಿದರು. ದಿನಕ್ಕೊಂದು ಸಾವಿರ ಗಾಯತ್ರಿ ಮಾಡುತ್ತೇನೆ ಎಂದರು, ಮಾಡುತ್ತಲೂ ಇದ್ದರು.

ಮೂಟೆ ಬಿಚ್ಚಿದವಳು ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದಳು. ಸಣ್ಣ ಕಾಳು, ಒಳಗಿನಿಂದಲೇ ಏಳುವ ಪರಿಮಳ. ಗಂಧಸಾಲೆ. ಸುತ್ತಲಿನ ಹತ್ತು ಊರಲ್ಲಿ ಈಗ ಅದನ್ನು ಬೆಳೆಯುವವರು ಮೇಲ್ಬೈಲಿನವರು ಮಾತ್ರ. ದೊಡ್ಡ ಗೌಡರು ಬದುಕಿರುವಾಗ ಅದನ್ನಲ್ಲದೆ ಬೇರೆ ಉಣ್ಣುತ್ತಿರಲಿಲ್ಲವೆಂದು ಮಕ್ಕಳು ಅದನ್ನೇ ದಾನಕ್ಕಿಟ್ಟಿದ್ದರು. ಒಲೆಯ ಮೇಲೆ ಒಂದು ಕುದಿ ಬಂದರೆ ಸಾಕು, ಮೂರು ಮನೆ ಆಚೆಗೆ ಹೆಸರು ಹೇಳುವ ಅಕ್ಕಿ ಅದು.

ಅಂದಿನಿಂದ ಅಂಬುಜಾ ತನ್ನ ಅಡುಗೆಮನೆಯಲ್ಲೇ ಕಳ್ಳಿಯಾದಳು. ಕುಕ್ಕರ್ ಕೂಗಿದರೆ ವಾಸನೆಯೂ ಕೂಗುತ್ತದೆಂದು ಅದನ್ನು ಮೇಲಿಟ್ಟಳು. ತಪ್ಪಲೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಕಿಟಕಿ ಮುಚ್ಚಿ, ಅನ್ನ ಕುದಿಯುವಷ್ಟು ಹೊತ್ತು ಪಕ್ಕದಲ್ಲಿ ಸಾಂಬ್ರಾಣಿ ಹಾಕುತ್ತಿದ್ದಳು. "ಪಕ್ಕದ ಮನೆ ಯಶೋದಾ ಆಂಟಿ ಕೇಳಿದ್ರು, ನಿಮ್ಮಲ್ಲಿ ದಿನಾ ಹೋಮವಾ ಅಂತ," ಎಂದಳು ಅರ್ಪಿತಾ. "ನೀನು ಎಂತ ಹೇಳಿದೆ?" "ಹೌದು, ನಮ್ಮನ್ನೇ ಹಾಕಿ ಸುಡ್ತಾರೆ ಅಂದೆ."

ಧನುರ್ಮಾಸ ಮುಗಿಯಿತು, ಶುಭಕಾರ್ಯಗಳ ತಿಂಗಳು ಬಂತು. ಭಟ್ಟರ ಫೋನು ಸುಮ್ಮನಿತ್ತು. ಮೊದಲು ಅವಳು ಅದನ್ನು ಟವರಿನ ಮೇಲೆ ಹಾಕಿದಳು, ಆಮೇಲೆ ಚೌಲ್ಟ್ರಿಯ ಮೇಲೆ ಹಾಕಿದಳು. ಮಾರ್ಚ್ ಬರುವಷ್ಟರಲ್ಲಿ ಅವಳ ಮನಸ್ಸೆಲ್ಲ ಒಂದು ಮಾತಿಗೆ ತಗಲಿಕೊಂಡಿತ್ತು. ಕಾಫಿ ತೋಟದ ನಂಜಮ್ಮನವರ ಮೊಮ್ಮಗಳು ಮೇಘಶ್ರೀಯ ಮದುವೆ ಏಪ್ರಿಲಿನಲ್ಲಿ. ಆ ಮನೆಯ ಎರಡು ಮದುವೆಗಳನ್ನು ಭಟ್ಟರೇ ಮಾಡಿಸಿದ್ದರು. ನಂಜಮ್ಮನವರು ಕರೆದರೆ ಉಳಿದ ಮನೆಗಳೂ ಕರೆಯುತ್ತವೆ. ನಂಜಮ್ಮನವರು ಕರೆಯದಿದ್ದರೆ ವಿಷಯ ಊರಿಗೆಲ್ಲ ಗೊತ್ತಾಗಿದೆ ಎಂದೇ ಅರ್ಥ.

ಆ ದಿನ ಭಾನುವಾರ. ಹಿಂದಿನ ವಾರ ಒಂದು ಹದ ಮಳೆ ಬಿದ್ದು ಕಾಫಿ ಹೂವು ಬಿಟ್ಟಿತ್ತು, ಗುಡ್ಡ ಗುಡ್ಡವೆಲ್ಲ ಬೆಳ್ಳಗೆ. ಅಂಬುಜಾ ಮಧ್ಯಾಹ್ನದ ಅಕ್ಕಿ ತೊಳೆದು ಹಾಕಿ, ಬಟ್ಟೆ ಕಟ್ಟಿ ತಿರುಗಿದಳು. ಫೋನು ಬಂತು.

"ಅಂಬುಜಮ್ಮ, ನಾನು ನಂಜಮ್ಮ. ಕಳಸಕ್ಕೆ ಬಂದಿದ್ವಿ, ನಾನೂ ರಾಜೇಶನೂ. ಭಟ್ರು ಮನೇಲಿದ್ದಾರಾ? ಒಂದು ಮಾತು ಆಡೋದಿತ್ತು."

"ಇದ್ದಾರೆ, ಬನ್ನಿ ಬನ್ನಿ, ಊಟಕ್ಕೇ ಬನ್ನಿ," ಎಂದಿತು ಅವಳ ನಾಲಗೆ. ಇಪ್ಪತ್ತು ವರ್ಷ ಅದೇ ಮಾತು ಆಡಿದ ನಾಲಗೆ, ಅವಳನ್ನು ಕೇಳಿ ಆಡಲಿಲ್ಲ.

"ಅಯ್ಯೋ ನಿಮಗೆ ತೊಂದರೆ. ಆಯ್ತು, ಅರ್ಧ ಗಂಟೇಲಿ ಬಂದೆವು."

ಅಂಬುಜಾ ಫೋನು ಇಟ್ಟವಳೇ ದೇವರ ಡಬ್ಬ ಇಳಿಸಿದಳು. ಬೇರೆ ಎಲ್ಲ ಡಬ್ಬಗಳೂ ಬರಿದಾಗಿದ್ದವು. ಇದ್ದದ್ದು ಇದೊಂದೇ, ಮುಕ್ಕಾಲು ಪಾವು ಸೋನಾಮಸೂರಿ, ತಿಂಗಳಾಂತ್ಯದವರೆಗೆ ಅನ್ನಪೂರ್ಣೇಶ್ವರಿಯ ಪಟದೆದುರು ದಿನಕ್ಕೊಂದು ಚಮಚದಂತೆ ಇಡಲು ಉಳಿಸಿಟ್ಟದ್ದು. ಅದನ್ನು ಕೊನೆಯ ಕಾಳಿನವರೆಗೂ ಚಿಕ್ಕ ತಪ್ಪಲೆಗೆ ಸುರಿದಳು. ಪಟದ ಕಡೆ ನೋಡಲಿಲ್ಲ.

"ಅಮ್ಮಾ, ದೊಡ್ಡ ತಪ್ಪಲೆದು ಪೂರ್ತಿ ಘಮಘಮ ಅಂತಿದೆ," ಎಂದಳು ಅರ್ಪಿತಾ. "ಅದನ್ನು ಹಿತ್ತಲಿಗೆ ಚೆಲ್ಲಿಬಿಡು, ಇವತ್ತೊಂದು ದಿನ."

"ಅನ್ನ ಚೆಲ್ಲೋದಾ? ಎಂತ ಮಾತಾಡ್ತೀಯ ಮಾರಾಯ್ತಿ!"

ಅನ್ನ ಚೆಲ್ಲುವುದು ಅವಳ ಕೈಗೆ ಬಾರದ ಕೆಲಸ. ಅರೆಬೆಂದ ತಪ್ಪಲೆಯನ್ನು ಮಸಿಬಟ್ಟೆಯಲ್ಲಿ ಹಿಡಿದು ಹಿಂದಿನ ಬಚ್ಚಲೊಲೆಗೆ ಸಾಗಿಸಿದಳು. ಬಾಗಿಲೆಳೆದು ಮತ್ತೆ ಸಾಂಬ್ರಾಣಿ ಹಾಕಿದಳು. ಆಮೇಲೆ ಅವಳ ಕೈ ಓಡತೊಡಗಿತು. ಬಾವಿಕಟ್ಟೆಯ ಬದಿಯ ಒಂದೆಲಗ ಕಿತ್ತು ತಂಬುಳಿ ಮಾಡಿದಳು. ಯಶೋದಳ ಮನೆಯಿಂದ ಬಂದಿದ್ದ ಎಳೆ ಹಲಸಿನ ಅರ್ಧವನ್ನು ಪಲ್ಯ ಮಾಡಿದಳು. ಬಾಳೆಕಾಯಿಯದು ಹುಳಿ, ಸಿಪ್ಪೆಯದು ಚಟ್ನಿ, ಬೆಲ್ಲ ಹಾಕಿದ ಕಾಯಿಹಾಲು. ಎಲೆಯ ಸುತ್ತ ಇಷ್ಟನ್ನೂ ಧಾರಾಳವಾಗಿ ಬಡಿಸಿದರೆ ನಡುವೆ ಅನ್ನಕ್ಕೆ ಉಳಿಯುವ ಜಾಗ ತಾನಾಗಿಯೇ ಚಿಕ್ಕದಾಗುತ್ತದೆ, ಆ ಚಿಕ್ಕ ಜಾಗ ತುಂಬಿಯೇ ಕಾಣುತ್ತದೆ. ಇದು ಅವಳೇ ಕಂಡುಕೊಂಡ ವಿದ್ಯೆ.

ಜೀಪು ಬಂತು. ನಂಜಮ್ಮ ಎಪ್ಪತ್ತರ ಹತ್ತಿರದವರು, ಕಾಫಿ ತೋಟವನ್ನು ಗಂಡ ಹೋದ ಮೇಲೆ ತಾವೇ ನಿಂತು ನೋಡಿಕೊಂಡವರು. ಮಾತು ಮೃದುವಾಗಿದ್ದರೂ ಕಣ್ಣು ಪಾರ್ಚ್‌ಮೆಂಟ್ ಕಾಫಿಯ ಬೀಜ ಆರಿಸುವ ಕಣ್ಣು, ಒಂದು ಕರಿ ಬೀಜವನ್ನೂ ಬಿಡುವುದಲ್ಲ. ಮಗ ರಾಜೇಶ ಒಳಗೆ ಬರುವಾಗಲೇ ಫೋನಿನಲ್ಲಿ ತೋಟದ ರೈಟರಿಗೆ ಸ್ಪ್ರಿಂಕ್ಲರ್ ಮುಚ್ಚಲು ಹೇಳುತ್ತಿದ್ದ.

ಎಲೆ ಹಾಕಿದ್ದಾಯಿತು. "ಭಟ್ರೇ, ನೀವೂ ಕೂತ್ಕೊಳ್ಳಿ," ಎಂದರು ನಂಜಮ್ಮ.

"ನನಗೆ ಇವತ್ತು ಹೊಟ್ಟೆ ಅಷ್ಟು ಸರಿಯಿಲ್ಲ. ಆಮೇಲೆ ಒಂದು ಲೋಟ ಮಜ್ಜಿಗೆ ಕುಡೀತೇನೆ," ಎಂದರು ಭಟ್ಟರು. ಆ ಮನೆಯಲ್ಲಿ ಅವರ ಹೊಟ್ಟೆ ಕೆಡುತ್ತಿದ್ದದ್ದು ನೆಂಟರು ಬಂದ ದಿನ ಮಾತ್ರ.

ಅಂಬುಜಾ ಬಡಿಸಿದಳು. ನಂಜಮ್ಮ ತಂಬುಳಿ ಕಲಸಿ ಒಂದು ತುತ್ತು ಉಂಡು ತಲೆಯಾಡಿಸಿದರು. "ನಿಮ್ಮ ಕೈ ಕೈಯೇ ಅಂಬುಜಮ್ಮ. ನಮ್ಮಲ್ಲಿ ಇಬ್ಬರು ಅಡುಗೆಯವರಿದ್ದಾರೆ, ಒಂದು ತಂಬುಳಿಗೆ ಗತಿಯಿಲ್ಲ." ಮದುವೆಯ ಮಾತು ಈಗ ಬರುತ್ತದೆ ಎಂದು ಅಂಬುಜಾ ಸೌಟು ಹಿಡಿದು ಕಾದಳು.

ಅಷ್ಟರಲ್ಲಿ ಹಿಂದಿನಿಂದ ಗಾಳಿ ತಿರುಗಿತು.

ಪರಿಮಳ ಓಡಿ ಬರಲಿಲ್ಲ, ಮನೆಯ ಹಿರಿಯರ ಹಾಗೆ ನಿಧಾನಕ್ಕೆ ನಡುಮನೆ ದಾಟಿ ಬಂದು ಎಲೆಗಳ ಮುಂದೆ ಕೂತಿತು. ರಾಜೇಶ ಮೂಗರಳಿಸಿದ. ನಂಜಮ್ಮನ ಕೈ ಎಲೆಯ ಮೇಲೆ ನಿಂತಿತು. ಅವರು ತಮ್ಮೆದುರಿನ ಸೋನಾಮಸೂರಿ ನೋಡಿದರು, ಬಚ್ಚಲಿನ ಕಡೆಯ ಬಾಗಿಲು ನೋಡಿದರು.

"ಇದು ಗಂಧಸಾಲೆ ಅಲ್ವೇನ್ರೀ?"

"ಕಾಫಿ ಹೂವಿನ ವಾಸನೆ, ಅಜ್ಜಿ," ಎಂದಳು ಅರ್ಪಿತಾ ಬಾಗಿಲ ಸಂದಿಯಿಂದ.

"ಹೂವು ಯಾವುದು ಅನ್ನ ಯಾವುದು ಅಂತ ಗೊತ್ತಾಗದಷ್ಟು ಮುದುಕಿ ಆಗಿಲ್ಲ ಕಣೇ ಮಗಾ." ನಂಜಮ್ಮ ನಕ್ಕರು. "ಏನು ಅಂಬುಜಮ್ಮ, ಬಂದವರಿಗೆ ಸೋನಾಮಸೂರಿ, ಒಳಗಿನವರಿಗೆ ಗಂಧಸಾಲೆಯಾ? ಒಂದು ಸೌಟು ನಮಗೂ ತನ್ನಿ. ನಮ್ಮತ್ತೆ ಅಡುಗೆ ನೋಡ್ತಿದ್ದ ಕಾಲದಲ್ಲಿ ಉಂಡದ್ದು, ಬಾಯಲ್ಲಿ ನೀರು ಬರ್ತಿದೆ."

"ಹೌದು, ನನಗೂ," ಎಂದ ರಾಜೇಶ.

ಅಂಬುಜಾ ಸೌಟು ಹಿಡಿದವಳು ಹಿಡಿದ ಹಾಗೇ ನಿಂತಳು. ತರುವುದಿಲ್ಲವೆಂದರೆ ಪುರೋಹಿತರ ಮನೆಯಲ್ಲಿ ಒಳ್ಳೆಯ ಅನ್ನ ಅಡಗಿಸಿಟ್ಟು ಕೆಟ್ಟದ್ದು ಬಡಿಸಿದರು ಎಂದಾಗುತ್ತದೆ. ತಂದು ಬಡಿಸಿದರೆ ಯಾರಿಗೂ ಏನೂ ಗೊತ್ತಾಗದು, ಒಂದು ಸೌಟು, ಅಷ್ಟೇ. ಉಂಡು ಸಂತೋಷಪಟ್ಟು ಮದುವೆಗೆ ಕರೆದು ಹೋಗುತ್ತಾರೆ. ಮದುವೆ ಮನೆಯವರ ಹೊಟ್ಟೆಗೆ ಹನ್ನೊಂದನೆಯ ದಿನದ ಅಕ್ಕಿ. ಅವಳು ಗಂಡನ ಮುಖ ನೋಡಿದಳು. ಭಟ್ಟರು ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಿದ್ದರು. ಡಿಸೆಂಬರಿನಲ್ಲಿ ಜಗಲಿಯ ಮೇಲೆ ನಿಂತಾಗಲೂ ಅವರು ಹೀಗೆಯೇ ನೋಡಿಕೊಂಡಿದ್ದರು, ಮಾತು ಅವಳದಾಗಿತ್ತು.

ಅವಳು ಎರಡು ಹೆಜ್ಜೆ ಬಚ್ಚಲಿನ ಕಡೆ ಹೋದಳು. ಬಾಗಿಲ ಚಿಲಕ ಮುಟ್ಟಿದಳು. ಚಿಲಕ ಬಿಸಿಯಾಗಿತ್ತು.

ತಿರುಗಿ ಬಂದು ಹೇಳಿದಳು. "ಅದು ನಿಮಗೆ ಬಡಿಸೋ ಅನ್ನ ಅಲ್ಲ ನಂಜಮ್ಮನವರೇ."

"ಯಾಕೆ?"

"ಮೇಲ್ಬೈಲಿಂದ ಬಂದದ್ದು."

ರಾಜೇಶನ ಕೈಯಲ್ಲಿದ್ದ ತುತ್ತು ಎಲೆಗೆ ಇಳಿಯಿತು. "ಇದು ಬೇರೆ," ಎಂದಳು ಅಂಬುಜಾ ಅವಸರದಿಂದ, "ನಿಮಗೆ ಬಡಿಸಿದ್ದು ದೇವರ ಡಬ್ಬದ್ದು. ಪಾತ್ರೆಯೂ ಬೇರೆ, ಸೌಟೂ ಬೇರೆ. ನನ್ನಾಣೆ."

ನಂಜಮ್ಮ ಏಳಲಿಲ್ಲ. ಹಲಸಿನ ಪಲ್ಯದ ಒಂದು ತುಂಡು ಬಾಯಿಗಿಟ್ಟು ಸಾವಕಾಶವಾಗಿ ಅಗಿದರು.

"ಗೊತ್ತು, ಕೂತ್ಕೊಳ್ಳಿ," ಎಂದರು. "ಮಂಚ, ಹಾಸಿಗೆ ಕಳಸದ ಅಂಗಡಿಗೆ ಬಂದ ದಿನವೇ ಊರಿಗೆಲ್ಲ ಗೊತ್ತು. ಅಕ್ಕಿ ಮಾತ್ರ ಬರಲಿಲ್ಲ ಅಂತಲೂ ಗೊತ್ತು. ನೀವು ಬಡಿಸ್ತೀರೋ ಹೇಳ್ತೀರೋ ನೋಡೋಣ ಅಂತ ಕೇಳಿದೆ. ಬಡಿಸಿದ್ದಿದ್ರೆ ಎದ್ದು ಹೋಗ್ತಿದ್ದೆ, ಮತ್ತೆ ಈ ಮೆಟ್ಟಿಲು ಹತ್ತುತ್ತಿರಲಿಲ್ಲ."

ಅಂಬುಜಾ ಸೌಟು ಕೆಳಗಿಟ್ಟಳು. ತಾನು ಗೆದ್ದೆ ಎಂದುಕೊಂಡಳು. ಮೂರು ತಿಂಗಳ ಸಾಂಬ್ರಾಣಿಯ ಹೊಗೆಯೆಲ್ಲ ಒಂದು ಉಸಿರಿನಲ್ಲಿ ಹೊರಗೆ ಹೋದಂತಾಯಿತು. "ಮದುವೆ ಯಾವತ್ತಿಗೆ ಇಟ್ಕೊಂಡಿದ್ದೀರಿ?" ಎಂದು ಕೇಳಿಯೇಬಿಟ್ಟಳು.

"ಇಪ್ಪತ್ತನಾಲ್ಕಕ್ಕೆ. ಅದಕ್ಕೆ ಚೌಲ್ಟ್ರಿಯವರದ್ದೇ ವ್ಯವಸ್ಥೆ ಆಗಿದೆ." ನಂಜಮ್ಮ ಭಟ್ಟರ ಕಡೆ ತಿರುಗಿದರು. "ನಿಮ್ಮನ್ನೇ ಕರೀಬೇಕು ಅಂತ ನನಗಿತ್ತು ಭಟ್ರೇ. ಆದರೆ ಗಂಡಿನ ಕಡೆಯವರು ಇದ್ದಾರಲ್ಲ. ಒಂದೇ ಕೈ ಎರಡಕ್ಕೂ ಆಗಲ್ಲ, ಶಾಸ್ತ್ರ ನಿಮಗೆ ನಾನು ಹೇಳಬೇಕಾ?"

ಭಟ್ಟರು ಇಲ್ಲ ಎಂಬಂತೆ ತಲೆಯಾಡಿಸಿದರು.

"ನಾನು ಬಂದದ್ದು ನಮ್ಮತ್ತೆ ವಿಚಾರಕ್ಕೆ. ತೊಂಬತ್ತೆರಡು ವರ್ಷ. ಗಂಜಿ ಬಿಟ್ಟು ಎಂಟು ದಿನ ಆಯ್ತು, ಮತ್ತೆ ನಿನ್ನೆ ಎರಡು ಚಮಚ ಕುಡಿದ್ರು. ಇವತ್ತೋ, ಇನ್ನಾರು ತಿಂಗಳೋ, ದೇವರಿಗೇ ಗೊತ್ತು. ಘಟ್ಟದ ಕೆಳಗಿನವರು ಬರ್ತಾರೆ, ನಾಲ್ಕು ಮಂತ್ರ ನುಂಗಿ ಬಸ್ಸಿಗೆ ಹೊತ್ತಾಯ್ತು ಅಂತಾರೆ. ಮೇಲ್ಬೈಲಲ್ಲಿ ನೀವು ಒಂದಕ್ಷರ ಬಿಡದೆ ಸಾವಕಾಶ ಹೇಳಿದ್ರಂತೆ. ಕೇಳಿದವರೆಲ್ಲ ಅತ್ತರಂತೆ. ನಮ್ಮತ್ತೆಗೂ ಹಾಗೇ ಆಗಲಿ ಅಂತ ನನ್ನಾಸೆ." ಸ್ವಲ್ಪ ತಡೆದು, ಅಂಬುಜಾಳತ್ತ ನೋಡಿ, ನಿಜವಾದ ಅಕ್ಕರೆಯಿಂದ ಹೇಳಿದರು. "ಹೆದರಬೇಡಿ ಅಂಬುಜಮ್ಮ, ನಾವು ಕೊಡೋದು ವಾಸನೆ ಬರದ ಅಕ್ಕಿ. ನೀವು ಹೀಗೆ ಬಾಗಿಲು ಹಾಕ್ಕೊಂಡು ಬೇಯಿಸಬೇಕಾಗಿಲ್ಲ."

ಭಟ್ಟರು ಮತ್ತೆ ತಮ್ಮ ಅಂಗೈ ನೋಡಿಕೊಂಡರು. ಅದನ್ನು ನಂಜಮ್ಮ ಒಪ್ಪಿಗೆಯೆಂದು ತೆಗೆದುಕೊಂಡರು. ಬೇರೆ ಏನೆಂದು ತೆಗೆದುಕೊಳ್ಳಬೇಕೆಂದು ಅಂಬುಜಾಳಿಗೂ ತಿಳಿಯಲಿಲ್ಲ.

"ಮಜ್ಜಿಗೆ ಹಾಕಲಾ?" ಎಂದಳು.

ಎಲೆಯಲ್ಲಿ ಒಂದಗುಳೂ ಬಿಡದೆ ಇಬ್ಬರೂ ಉಂಡೆದ್ದರು. ಅಂಬುಜಾ ನಂಜಮ್ಮನಿಗೆ ಕುಂಕುಮವಿಟ್ಟು ಪೆಟ್ಟಿಗೆಯಿಂದ ಹಸಿರು ಕಣ ತೆಗೆದು ಕೊಟ್ಟಳು. ನಂಜಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಒಂದು ಗಳಿಗೆ ಯೋಚಿಸಿ, "ಇದು ಇರಲಿ, ಅರ್ಪಿತಂಗೆ ಹೊಲಿಸಿ," ಎಂದು ಮೆಲ್ಲನೆ ಬೆಂಚಿನ ಮೇಲಿಟ್ಟು ಹೋದರು. ಇಪ್ಪತ್ತು ವರ್ಷದಲ್ಲಿ ಅವಳ ತಾಂಬೂಲವನ್ನು ಬಿಟ್ಟುಹೋದವರು ಇರಲಿಲ್ಲ.

ಜೀಪಿನ ಸದ್ದು ತಿರುವು ದಾಟಿದ ಮೇಲೆ ಮೂವರೂ ಊಟಕ್ಕೆ ಕೂತರು. ಬಚ್ಚಲಿಂದ ದೊಡ್ಡ ತಪ್ಪಲೆ ಬಂತು. ಭಟ್ಟರ ಹೊಟ್ಟೆ ಸರಿಯಾಯಿತು. ಅರ್ಪಿತಾ ಎರಡು ಸಲ ಬಡಿಸಿಕೊಂಡು, ಮೂರನೆಯ ಸಲ ತಟ್ಟೆ ಮುಂದಿಟ್ಟು, "ರುಚಿಯಾಗಿದೆ ಅಮ್ಮಾ. ಅದೇ ಬೇಜಾರು," ಎಂದಳು.

"ಬೇಡ ಅಂತ ಹೇಳ್ಬೋದಿತ್ತಲ್ಲ ಅಪ್ಪ?" ಎಂದು ಆಮೇಲೆ ಕೇಳಿದಳು.

"ಹೇಳಬಹುದಿತ್ತು," ಎಂದರು ಭಟ್ಟರು. "ಹೇಳಿದ ಮೇಲೆ?"

ಅರ್ಪಿತಾ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.

ಸಂಜೆ ದೀಪ ಹಚ್ಚುವ ಮೊದಲು ಅಂಬುಜಾ ಎರಡು ತೆಂಗಿನಕಾಯಿ ಕೊಟ್ಟು ಮಗಳನ್ನು ಅಂಗಡಿಗೆ ಕಳಿಸಿದಳು. "ದೇವರಿಗೆ ಅಂತ ಹೇಳು. ಒಳ್ಳೆ ಅಕ್ಕಿ, ಎಷ್ಟು ಬರ್ತದೋ ಅಷ್ಟು." ಒದ್ದೆ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ಅಡುಗೆಮನೆಯ ಕಿಟಕಿ ತೆರೆದಳು. ಇನ್ನು ಮುಚ್ಚುವ ಕಾರಣವಿರಲಿಲ್ಲ. ಕಿಟಕಿಯಾಚೆ ಯಶೋದಾ ಬಟ್ಟೆ ಎತ್ತುತ್ತಿದ್ದವಳು ಇವಳನ್ನು ನೋಡಿ ನಕ್ಕಳು. ಎಂದಿನ ನಗುವೇ. ಅವಳಿಗೂ ಡಿಸೆಂಬರಿನಿಂದಲೇ ಗೊತ್ತಿತ್ತು, ಹೋಮವಾ ಎಂದು ಕೇಳಿದ್ದು ಅದಕ್ಕೇ.

ಮೂಲೆಯ ಮೂಟೆಯ ಬಾಯಿ ಬಿಚ್ಚಿ ಅಂಬುಜಾ ಪಾವಿನಿಂದ ಅಳೆಯತೊಡಗಿದಳು. ಒಂದು, ಎರಡು. ಮಗಳಿಗೆ ಬುತ್ತಿ, ದೋಸೆಗೆ ವಾರಕ್ಕೆರಡು ಸಲ, ತಂಬುಳಿ ಹೆಚ್ಚು ಮಾಡಿದರೆ ಅನ್ನ ಕಡಿಮೆ ಸಾಕು. ಕೈ ಬಿಗಿ ಹಿಡಿದರೆ ಆಷಾಢದವರೆಗೆ ಬರುತ್ತದೆ. ಮುದುಕಿ ಆಷಾಢದವರೆಗೆ ಇದ್ದರೆ ಸರಿಹೋಗುತ್ತದೆ. ಶ್ರಾವಣಕ್ಕೆ ಹೋದರೆ ಹದಿನೈದು ದಿನ ಕಷ್ಟ.

ಪಾವು ಅವಳ ಕೈಯಲ್ಲೇ ನಿಂತಿತು. ತಾನು ಏನನ್ನು ಅಳೆಯುತ್ತಿದ್ದೇನೆಂದು ಅವಳಿಗೆ ತಿಳಿಯಿತು. ಎದುರಿನ ಪಟದಲ್ಲಿ ಅನ್ನಪೂರ್ಣೇಶ್ವರಿ ಎಂದಿನಂತೆ ಸೌಟು ಹಿಡಿದು ಕೂತಿದ್ದಳು. ಅಂಬುಜಾ ಕಣ್ಣು ಮುಚ್ಚಿ, ಆ ಮುದುಕಿ ಇನ್ನೂ ಬಹುಕಾಲ ಬದುಕಲಿ ಎಂದು ಬೇಡಿಕೊಂಡಳು. ಬೇಡಿಕೊಳ್ಳುತ್ತಿರುವಾಗಲೂ, ಎಷ್ಟು ಕಾಲ ಎಂಬುದನ್ನು ಅವಳ ಬೆರಳುಗಳು ಮೂಟೆಯೊಳಗೆ ಎಣಿಸುತ್ತಲೇ ಇದ್ದವು.